ಒಲ್ಲೆ ಎನ್ನದ ಸರ್

ಅವರ ಕೈಬರಹ ಬಹಳ ಚೆಂದವಿತ್ತು. ಅದನ್ನು ನೆನೆಸಿಕೊಂಡರೆ ಈಗ ನನಗೆ ಹೇಸಿಕೆಯಾಗುತ್ತದೆ. ದುಂಡನೆಯ ಅಕ್ಷರ, ಗೆರೆ ಬಿಟ್ಟು ಕೂದಲೆಳೆಯಷ್ಟೂ ಜಾರದ ಒತ್ತು, ಪುಟದ ಎಡಕ್ಕೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನನ್ನ ವಿಜ್ಞಾನದ ವಹಿಯ ಕೊನೆಯ ಪುಟದಲ್ಲಿ ಆ ಅಕ್ಷರದಲ್ಲಿ ‘ಶಾಣ್ಯಾ ಹುಡುಗಿ’ ಎಂದು ಬರೆದುಕೊಟ್ಟಿದ್ದರು. ಮದುವೆಯಾಗಿ ಗಂಡನ ಮನೆಗೆ ಬರುವಾಗಲೂ ಆ ಪುಟವನ್ನು ಹರಿದು ಪೆಟ್ಟಿಗೆಯಲ್ಲಿಟ್ಟು ತಂದಿದ್ದೆ. ಮೂವತ್ತು ವರ್ಷಗಳ ಮೇಲೆ ಅದೇ ಅಕ್ಷರದಲ್ಲಿ, ನನ್ನೆದುರಿಗೇ ಕೂತು, ಒಂದು ಜಾಲತಾಣ ತೆರೆಯದೇ ಇರಲು ಏನೇನು ಕಾರಣಗಳಿರುತ್ತವೆ ಎಂದು ಬರೆದುಕೊಂಡರು. ಹೇಳಿಕೊಟ್ಟವಳು ನಾನೇ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಶಾಲೆಯಲ್ಲಿ ಕರೆಯುತ್ತಿದ್ದಂತೆ ‘ಸರ್’ ಎಂದಷ್ಟೇ ಬರೆಯುತ್ತೇನೆ.

ಧಾರವಾಡದ ನಮ್ಮ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು, ಆಮೇಲೆ ಹೆಡ್‌ಮಾಸ್ತರರಾದರು. ಬಿಳಿ ಅಂಗಿ. ಬೆವರಿನ ಕಲೆ ತಾಗಬಾರದೆಂದು ಕಾಲರಿನ ಒಳಗೆ ಮಡಚಿದ ಕರವಸ್ತ್ರ. ಬಾಯಲ್ಲಿ ಸದಾ ಒಂದು ಲವಂಗ. ನಮ್ಮ ವಹಿ ನೋಡಲು ಬಗ್ಗಿದರೆ ಲವಂಗದ ವಾಸನೆ ಬರುತ್ತಿತ್ತು, ಒಳ್ಳೆಯವರ ಮೈಯಿಂದ ಹೀಗೇ ವಾಸನೆ ಬರುತ್ತದೆ ಎಂದು ನಾವು ಹುಡುಗಿಯರು ತಿಳಿದಿದ್ದೆವು. ಕೋಲು ಹಿಡಿದವರಲ್ಲ, ದನಿ ಏರಿಸಿದವರಲ್ಲ. ಯಾರು ಏನು ಕೇಳಿದರೂ ಅವರ ಉತ್ತರ ಒಂದೇ ಇರುತ್ತಿತ್ತು: “ಆಗಲೆವಾ, ನೋಡೂಣಂತ.” ಒಲ್ಲೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಊರಲ್ಲಿ ಅವರಿಗೆ ಹೆಸರು ಬಂದದ್ದೇ ಇದರಿಂದ.

ಒಂಬತ್ತನೆಯ ಇಯತ್ತೆಯಲ್ಲಿ ನಮ್ಮ ಹುಡುಗಿಯರ ಖೋಖೋ ತಂಡ ಬೆಳಗಾವಿಯ ಪಂದ್ಯಕ್ಕೆ ಆಯ್ಕೆಯಾಯಿತು. ಎರಡು ದಿನ ಅಲ್ಲೇ ಉಳಿಯಬೇಕು. ಆಟ ಕಲಿಸುವ ಶಿಕ್ಷಕಿ, ನಮ್ಮ ಬಾಯಿಯವರು, ಅಂಜುತ್ತಂಜುತ್ತ ಅನುಮತಿ ಕೇಳಿದರೆ ಸರ್ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರೇ ಹೇಳಿದರು, “ಹೋಗ್ರೆವಾ, ಯಾರು ಬ್ಯಾಡಂದ್ರು? ಹುಡಿಗ್ಯಾರು ಆಡಬೇಕು, ಗೆದ್ದ ಬರಬೇಕು.” ಚಪ್ಪಾಳೆಯಾಯಿತು. ಹೊರಡುವ ದಿನ ಬೆಳಿಗ್ಗೆ ಆಟದ ಸಾಮಾನಿನ ಕೋಣೆಯ ಕೀಲಿ ಸಿಗಲಿಲ್ಲ. ನಮ್ಮ ಆಟದ ಬಟ್ಟೆ, ತಂಡದ ಹೆಸರು ಬರೆದ ಕಾಗದ, ಎಲ್ಲ ಒಳಗೆ. ಸರ್ ತಮ್ಮ ಮೇಜಿನ ಖಾನೆಗಳನ್ನು ನೆಲಕ್ಕೆ ಸುರುವಿ ಹುಡುಕಿದರು. ಸಿಪಾಯಿಯನ್ನು ತಮ್ಮ ಮನೆಗೆ ಓಡಿಸಿದರು. ಅಷ್ಟರಲ್ಲಿ ಬಸ್ಸಿನ ಹೊತ್ತು ಮೀರಿತು. ನಾವು ಕಟ್ಟೆಯ ಮೇಲೆ ಕೂತು ಅಳುತ್ತಿದ್ದಾಗ ಗಿರಮಿಟ್ ತರಿಸಿ, ತಾವೂ ನಮ್ಮ ಪಕ್ಕದಲ್ಲಿ ಕೂತು ತಿಂದರು. “ಮುಂದಿನ ವರ್ಷ ಹೋಗೂಣಂತ, ಅಳಬ್ಯಾಡ್ರೆವಾ.” ಮರುದಿನ ಕೀಲಿ ಅವರ ಕುರ್ಚಿಯ ಕೆಳಗೇ ಸಿಕ್ಕಿತಂತೆ.

ಕೀಲಿ ನಿಜಕ್ಕೂ ಕಳೆದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಳುವ ಮಕ್ಕಳ ಪಕ್ಕ ಕೂತು ಗಿರಮಿಟ್ ತಿಂದ ಹೆಡ್‌ಮಾಸ್ತರರ ಕಥೆಯನ್ನು ನಾನು ಬಹಳ ವರ್ಷ ಅವರಿವರ ಮುಂದೆ ಹೇಳಿಕೊಂಡು ತಿರುಗಿದ್ದೇನೆ.

ಈಗ ನಾನು ಧಾರವಾಡದಲ್ಲಿ ಚಿಕ್ಕದೊಂದು ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆ. ಆರು ಯಂತ್ರ, ಒಂದು ಕಪ್ಪುಹಲಗೆ, ಮೇಲೆ ತಗಡಿನ ಮಾಡು. ಒಂದು ಮಧ್ಯಾಹ್ನ ಸರ್ ಬಾಗಿಲಲ್ಲಿ ನಿಂತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ನಿವೃತ್ತಿಯಾದ ಮೇಲೆ ಉಣಕಲ್ಲಿನಲ್ಲಿ ಮನೆ ಕಟ್ಟಿಸಿದ್ದರು, ಅಲ್ಲಿಂದ ಚಿಗರಿ ಎಂಬ ನಗರ ಬಸ್ಸು ಹಿಡಿದು ಬಂದಿದ್ದರು. ಅಂಗಿ ಅಷ್ಟೇ ಬಿಳಿ.

“ತಂಗೀ, ನಿನ್ನ ಮಾಸ್ತರಗ ನೀ ಕಲಿಸ್ತೀಯೇನು?” ಎಂದರು.

ಕಾಲಿಗೆ ಬಿದ್ದೆ. ಆ ವಯಸ್ಸಿನಲ್ಲಿ ತನ್ನ ಶಿಷ್ಯೆಯ ಬಳಿ ಕಲಿಯಲು ಬಂದ ಗುರುವನ್ನು ಕಂಡು ನನ್ನ ಕ್ಲಾಸಿನ ಹುಡುಗರು ಫೋಟೊ ತೆಗೆದು ಎಲ್ಲ ಕಡೆ ಕಳಿಸಿದರು. ಸರ್ ಆರು ವಾರ ಬಂದರು, ಒಂದು ದಿನ ತಪ್ಪಿಸಲಿಲ್ಲ. ಹೇಳಿದ್ದನ್ನೆಲ್ಲ ಆ ಚೆಂದದ ಅಕ್ಷರದಲ್ಲಿ ವಹಿಗೆ ಇಳಿಸುತ್ತಿದ್ದರು. ಐದನೆಯ ವಾರ ಕೇಳಿದರು:

“ಕೆಲವೊಮ್ಮೆ ಸೈಟ್ ತೆರಿಯೂದ ಇಲ್ಲಲ್ಲಾ ತಂಗೀ, ಅದಕ್ಕ ಏನೇನ ಕಾರಣ ಇರ್ತಾವು? ಒಂದೊಂದ ಹೇಳು, ಬರಕೋತೀನಿ.”

ಗುರುವಿಗೆ ಕಲಿಸುವ ಹುರುಪಿನಲ್ಲಿ ನಾನು ಬೇಕಾದ್ದು ಬೇಡಾದ್ದು ಎಲ್ಲ ಹೇಳಿದೆ. ಮೊದಲು ವೈಫೈ ಡಬ್ಬಿಯ ದೀಪ ನೋಡಬೇಕು; ವೈರು ಸಡಿಲಾಗಿರಬಹುದು, ಬಟನ್ ಬಂದ್ ಆಗಿರಬಹುದು. ಅದು ಸರಿಯಿದ್ದರೆ ಕಂಪ್ಯೂಟರಿನ ತಾರೀಖು ನೋಡಬೇಕು. ತಾರೀಖು ಬಹಳ ಹಿಂದೆ ಮುಂದೆ ಆಗಿದ್ದರೆ ಬ್ರೌಸರ್ ಯಾವ ತಾಣವನ್ನೂ ನಂಬುವುದಿಲ್ಲ, ಸುರಕ್ಷಿತವಲ್ಲ ಎಂದು ಹೇಳಿ ತಡೆದು ನಿಲ್ಲಿಸುತ್ತದೆ. ಎಲ್ಲ ತಾಣ ತೆರೆದು ಯಾವುದೋ ಒಂದು ಮಾತ್ರ ತೆರೆಯದಿದ್ದರೆ ಆಗ ಒಳಗೆ ಅಡಗಿರುವ ಹೋಸ್ಟ್ಸ್ ಎಂಬ ಫೈಲು ನೋಡಬೇಕು.

“ಅದು ಸಣ್ಣ ವಿಳಾಸದ ವಹಿ ಇದ್ದಂಗ್ರಿ ಸರ್,” ಎಂದೆ. “ಕಂಪ್ಯೂಟರ್ ಹೊರಗ ಕೇಳೂಕಿಂತ ಮೊದಲ ಅದನ್ನ ನೋಡತೈತಿ. ಅದರಾಗ ಒಂದು ಸೈಟಿನ ಹೆಸರಿನ ಮುಂದ ಇದ ಕಂಪ್ಯೂಟರಿನ ವಿಳಾಸ ಬರದುಬಿಟ್ರ, ತನ್ನ ಮನಿ ಬಾಗಲಾ ತಾನ ಬಡದು ಸುಮ್ಮನ ಕೂಡತೈತಿ.”

“ಅಂದ್ರ ಬೇಕಾದ ಒಂದ ಸೈಟ್ ಅಷ್ಟ ಬಂದ್ ಮಾಡಾಕ ಬರತೈತಿ?”

“ಬರತೈತ್ರಿ. ಸಣ್ಣ ಹುಡುಗರಿದ್ದ ಮನ್ಯಾಗ ಮಾಡ್ತಾರ.”

“ಮಾಡಿದ್ದು ಯಾರಿಗೂ ತಿಳಿಯೂದಿಲ್ಲ?”

“ಗೊತ್ತಿದ್ದಾವ್ರು ತಗದು ನೋಡಿದ್ರ ಅಷ್ಟ ತಿಳಿತೈತ್ರಿ.”

ತಲೆಯಾಡಿಸಿ ಬರೆದುಕೊಂಡರು. ಮನೆಯಲ್ಲಿ ಇನ್ನೂ ಮಾತು ಕಲಿಯುತ್ತಿರುವ ಮೊಮ್ಮಗನಿದ್ದ. ಅವನು ಬೆಳೆದ ಮೇಲಿನ ಕಾಲವನ್ನು ಈಗಲೇ ಯೋಚಿಸುತ್ತಾರಲ್ಲ ಎಂದು ನನಗೆ ಮೆಚ್ಚುಗೆಯಾಯಿತು. ಅವರ ಕೈಯಿಂದಲೇ ಒಮ್ಮೆ ಮಾಡಿಸಿಯೂ ತೋರಿಸಿದೆ. ಎಷ್ಟು ನಿಧಾನವಾಗಿ, ಎಷ್ಟು ತಪ್ಪಿಲ್ಲದೆ ಮಾಡಿದರು!

ವರ್ಷ ತುಂಬುತ್ತ ಬಂದಾಗ ಒಂದು ಬೆಳಿಗ್ಗೆ ನನಗೆ ಫೋನು ಬಂತು.

“ಅಕ್ಕಾರ, ನಾ ಸರ್ ಸೊಸಿ ಸುಮಂಗಲಾ ಮಾತಾಡಾಕತ್ತೇನ್ರಿ. ನಿಮ್ಮ ನಂಬರ್ ಮಾವಾರ ವಹಿ ಮ್ಯಾಲಿಂದ ತಗೊಂಡೇನಿ. ಸಿಟ್ಟಾಗಬ್ಯಾಡ್ರಿ.”

ಸುಮಂಗಲಾಳನ್ನು ಒಮ್ಮೆ ಅವರ ಮನೆಯ ಕಾರ್ಯಕ್ರಮದಲ್ಲಿ ನೋಡಿದ್ದೆ. ಹೆಬ್ಬಳ್ಳಿಯ ಒಕ್ಕಲುತನದ ಮನೆಯ ಹುಡುಗಿ, ಬಿ.ಎಸ್ಸಿ., ಬಿ.ಎಡ್. ಮಾಡಿದವಳು. ಶಿಕ್ಷಕರ ನೇಮಕಾತಿಗೆ ಅರ್ಜಿ ಕರೆದಿದ್ದರು. ಕೊನೆಯ ತಾರೀಖಿಗೆ ಮೂರು ದಿನ ಉಳಿದಿತ್ತು. ಮನೆಯ ಲ್ಯಾಪ್‌ಟಾಪಿನಲ್ಲಿ ಅರ್ಜಿಯ ತಾಣ ತೆರೆಯುತ್ತಿರಲಿಲ್ಲ. ಹಿಂದಿನ ಸಲ, ಐದಾರು ತಿಂಗಳ ಕೆಳಗೆ, ಅರ್ಜಿ ಕರೆದಾಗಲೂ ಹೀಗೇ ಆಗಿ ತಾರೀಖು ತಪ್ಪಿಹೋಗಿತ್ತಂತೆ.

“ನಿಮ್ಮ ಫೋನಿನ್ಯಾಗ ನೋಡಿದ್ರೇನು?” ಎಂದೆ.

“ನಂದು ಗುಂಡಿ ಫೋನ್ರಿ. ಮದಲಿದ್ದದ್ದು ನೀರಾಗ ಬಿದ್ದು ಕೆಡ್ತು. ಹೊಸಾದು ತರೂಣು, ನೋಡೂಣಂತ ಅಂದಾರ್ರಿ ಮಾವಾರು.”

“ಯಾವಾಗ ಅಂದಾರ?”

“ಎರಡ ವರ್ಷಾತ್ರಿ.”

ಗಂಡ ಟ್ರ್ಯಾಕ್ಟರ್ ಬಿಡಿಭಾಗದ ಕಂಪನಿಯಲ್ಲಿ ಊರೂರು ತಿರುಗುವ ಕೆಲಸದವನು, ವಾರದಲ್ಲಿ ನಾಲ್ಕು ದಿನ ಹೊರಗೆ. ಏನು ಕೇಳಿದರೂ ಅಪ್ಪನನ್ನು ಕೇಳು ಎನ್ನುವವನು. ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಗೆ ಹೋಗಬಾರದೇಕೆ ಎಂದರೆ, “ಮನ್ಯಾಗ ಕಂಪ್ಯೂಟರ್ ಇಟಗೊಂಡು ಹೊರಗ ಪಾಳಿ ಹಚ್ಚೂದು ಯಾಕವಾ ಅಂತಾರ್ರಿ. ಬ್ಯಾಡ ಅನ್ನೂದಿಲ್ರಿ ಅವರು. ಭಾಳ ಛಲೋ ಮನಶ್ಯಾ,” ಎಂದಳು. ಆಮೇಲೆ ದನಿ ತಗ್ಗಿಸಿ, “ನಾ ಮುಟ್ಟಿದ್ರ ಅದು ಕೆಡತೈತ್ರಿ ಅಕ್ಕಾರ. ನನ್ನ ಕೈಯಾಗ ಏನೋ ದೋಷ ಐತ್ರಿ,” ಎಂದಳು. ವಿಜ್ಞಾನದ ಪದವೀಧರೆ ಹೀಗೆ ಮಾತಾಡುವುದನ್ನು ಕೇಳಿ ನನಗೆ ನಗು ಬಂತು. ನಕ್ಕೆ ಕೂಡ.

ಅಂದೇ ಉಣಕಲ್ಲಿಗೆ ಹೋದೆ. ಸರ್ ಬಾಗಿಲಿಗೆ ಬಂದು ಎದುರುಗೊಂಡರು. “ಇಷ್ಟಕ್ಕ ಯಾಕ ತ್ರಾಸ ತಗೊಂಡಿ ತಂಗೀ?” ಎಂದು ನನ್ನ ಕೈಚೀಲ ತಾವೇ ತೆಗೆದುಕೊಂಡರು. ನಾನು ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತೆ, ಅವರು ನನ್ನ ಹಿಂದಿನ ಕುರ್ಚಿಯಲ್ಲಿ ಕೂತರು. ಸುಮಂಗಲಾ ಮಗುವನ್ನೆತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ವೈಫೈ ಸರಿಯಿತ್ತು. ತಾರೀಖು ಸರಿಯಿತ್ತು. ಸುದ್ದಿಯ ತಾಣ ತೆರೆಯಿತು, ಹವಾಮಾನದ್ದು ತೆರೆಯಿತು. ಅರ್ಜಿಯ ತಾಣದ ಹೆಸರು ಹೊಡೆದರೆ ಮಾತ್ರ ಬಿಳಿ ಪುಟ, ತಲುಪಲಾಗುತ್ತಿಲ್ಲ ಎಂಬ ಒಂದು ಸಾಲು. ಬೇರೆ ಬ್ರೌಸರಿನಲ್ಲೂ ಹಾಗೇ. ನಾನು ಕಲಿಸುವ ಕ್ರಮದಲ್ಲೇ ಒಂದೊಂದಾಗಿ ನೋಡುತ್ತ ಬಂದು ಕೊನೆಗೆ ಆ ವಿಳಾಸದ ಫೈಲು ತೆರೆದೆ.

ಕೆಳಗೆ ನಾಲ್ಕು ಸಾಲು ಹೊಸದಾಗಿ ಸೇರಿಸಿದ್ದವು. ಅರ್ಜಿ ಹಾಕುವ ತಾಣ, ಇಲಾಖೆಯ ತಾಣ, ಹಳೆಯ ಪ್ರಶ್ನೆಪತ್ರಿಕೆ ಸಿಗುವ ಒಂದು ತಾಣ, ಬ್ಯಾಂಕಿನ ಪರೀಕ್ಷೆಯ ಒಂದು ತಾಣ. ಒಂದಕ್ಷರ ತಪ್ಪಿರಲಿಲ್ಲ. ನಾನು ಕಲಿಸಿದಂತೆ ಪ್ರತಿ ಸಾಲಿನಲ್ಲೂ ಅಷ್ಟಷ್ಟೇ ಜಾಗ ಬಿಟ್ಟು ಬರೆದಿತ್ತು.

ಹಿಂದಿನಿಂದ ಲವಂಗದ ವಾಸನೆ ಬಂತು. ಸರ್ ಬಗ್ಗಿ ಪರದೆ ನೋಡುತ್ತಿದ್ದರು.

“ಏನಾರ ಸಿಕ್ತೇನ ತಂಗೀ?” ಎಂದರು, ಮೆತ್ತಗೆ.

“ನಾನ ಏನರ ಒತ್ತಿ ಕೆಡಿಸೀನೇನ್ರಿ ಅಕ್ಕಾರ?” ಎಂದಳು ಸುಮಂಗಲಾ.

“ನಮ್ಮ ಸುಮಂಗಲಾ ಮುಟ್ಟಿದ್ರ ಯಂತ್ರಾನೂ ನಾಚಕೋತಾವು ನೋಡು,” ಎಂದು ಸರ್ ನಕ್ಕರು. ಬಂದವರ ಮುಂದೆಲ್ಲ ಅವರು ಈ ಮಾತು ಹೇಳುತ್ತಿದ್ದರಂತೆ. ಎಲ್ಲರೂ ನಗುತ್ತಿದ್ದರಂತೆ. ಅವಳೂ ನಕ್ಕಳು, ಮಗುವಿನ ತಲೆಯ ಹಿಂದೆ ಮುಖ ಇಟ್ಟುಕೊಂಡು.

ಆಗ ನಾನು ತಿರುಗಿ ನಿಂತು ಇದ್ದದ್ದನ್ನು ಇದ್ದಂತೆ ಹೇಳಬೇಕಿತ್ತು. ಹೇಳಲಿಲ್ಲ. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ನನ್ನೊಳಗೆ ಎದ್ದು ಕೈಕಟ್ಟಿ ನಿಂತುಬಿಟ್ಟಿದ್ದಳು. ಆ ನಾಲ್ಕು ಸಾಲು ಅಳಿಸಿದೆ. “ವೈರಸ್ ಇತ್ತು ಅಂತ ಕಾಣತೈತಿ,” ಎಂದೆ. ತಾಣ ತೆರೆಯಿತು. ಸುಮಂಗಲಾ ಮಗುವನ್ನು ಕೆಳಗಿಳಿಸಿ ಓಡಿಬಂದಳು.

“ಇರಲೆವಾ, ಈಗ ತೆರೀತಲ್ಲಾ,” ಎಂದರು ಸರ್. “ಅರ್ಜಿ ನಾಳಿ ನಿಧಾನ ಕುಂತ ತುಂಬೂಣು. ದೂರದಿಂದ ಬಂದಾಳ, ತಂಗೀಗೆ ಮೊದಲ ಊಟಕ್ಕ ಹಾಕು.”

ನಾನು ಆ ಮನೆಯಲ್ಲಿ ಊಟ ಮಾಡಿದೆ. ಬಿಸಿ ರೊಟ್ಟಿ, ಎಣ್ಣೆಗಾಯಿ. ನನ್ನ ತಾಟಿಗೆ ಸರ್ ತಾವೇ ತುಪ್ಪ ಬಡಿಸಿದರು. ಹಾಕಿದ್ದನ್ನೆಲ್ಲ ತಿಂದೆ, ಬೇಕೇ ಎಂದಾಗ ಇನ್ನರ್ಧ ರೊಟ್ಟಿ ಹಾಕಿಸಿಕೊಂಡೆ. ಅವರು ಮಾಡಿದ್ದರ ಬಗ್ಗೆ ಎಷ್ಟು ಹೇಸಿಕೆಯಾಯಿತೋ ಆ ಅರ್ಧ ರೊಟ್ಟಿಯ ಬಗ್ಗೆ ನನಗೆ ಅಷ್ಟೇ ಹೇಸಿಕೆಯಿದೆ.

ಬಸ್ಸಿನ ನಿಲ್ದಾಣದವರೆಗೆ ಸರ್ ಜೊತೆಗೆ ಬಂದರು. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ದಾರಿಯುದ್ದಕ್ಕೂ ಅವರಿಗೆ ಕೈಮುಗಿಯುವವರೇ. ಜನ ಕಡಿಮೆಯಾದ ಕಡೆ ನಾನು ನಿಂತೆ.

“ಸರ್, ಅದನ್ನ ನೀವ ಮಾಡಿದ್ದಲ್ಲಾ?”

ಅವರು ಗಾಬರಿಯಾಗಲಿಲ್ಲ. ಸಿಟ್ಟಾಗಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

“ನೀನ ಕಲಿಸಿದ್ದಲ್ಲಾ ತಂಗೀ,” ಎಂದರು.

“ಯಾಕ್ರಿ ಸರ್? ಆಕಿ ನೌಕರಿ ಮಾಡೂದು ಬ್ಯಾಡಂದ್ರ ಬ್ಯಾಡ ಅಂತ ಹೇಳಬೇಕಾಗಿತ್ತು.”

“ಹಂಗ ಹೆಂಗ ಹೇಳಾಕ ಬರತೈತೆವಾ? ಒಲ್ಲೆ ಅಂದ್ರ ಮಂದಿ ಮನಸ್ಸು ಮುರೀತಾವು, ಮನ್ಯಾಗ ಜಗಳ ಹತ್ತತಾವು. ಯಂತ್ರ ಕೆಟ್ರ ಯಾರ ಮನಸ್ಸೂ ಮುರಿಯೂದಿಲ್ಲ. ನಾಕ ದಿನ ಬ್ಯಾಸರಾ ಮಾಡ್ಕೋತಾಳ, ಆಮ್ಯಾಲ ಮರೀತಾಳ. ಮನಿ ಶಾಂತ ಇರತೈತಿ.” ನನ್ನ ಭುಜ ತಟ್ಟಿದರು. “ನೀನೂ ವೈರಸ್ ಅಂದಿ ಹೌದಿಲ್ಲೋ? ಶಾಣ್ಯಾಕಿ ಇದ್ದಿ. ತಿಳೀತೈತಿ ನಿನಗ.”

ಬಸ್ಸಿನಲ್ಲಿ ಕೂತ ಮೇಲೆ ಅವರು ತಟ್ಟಿದ ಭುಜವನ್ನು ಸೆರಗಿನಿಂದ ಒರೆಸಿಕೊಂಡೆ. ನವನಗರ ದಾಟುವವರೆಗೆ ಒರೆಸುತ್ತಲೇ ಇದ್ದೆ. ಪಕ್ಕದಲ್ಲಿ ಕೂತವಳು ಏನಾಯಿತೆಂದು ಕೇಳಿದಳು. ಏನಿಲ್ಲ ಎಂದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ನಾನೇ ಸುಮಂಗಲಾಗೆ ಫೋನು ಮಾಡಿದೆ. ಅರ್ಜಿ ತುಂಬಿ ಆಯಿತೇ ಎಂದು ಕೇಳುವ ನೆಪ. ಅವಳು ಅಳುತ್ತಿದ್ದಳು.

“ಮತ್ತ ಕೆಟ್ಟೈತ್ರಿ ಅಕ್ಕಾರ. ಇವತ್ತ ಒಂದೂ ತೆರೀವಲ್ತು. ಎಲ್ಲಾಕೂ ಸುರಕ್ಷಿತ ಇಲ್ಲ ಅಂತ ಬರಾಕತ್ತೈತಿ. ನಿನ್ನಿ ನೀವು ಸರಿ ಮಾಡಿ ಕೊಟ್ರಿ, ಇವತ್ತ ನಾ ಚಾಲೂ ಮಾಡಿದೆ, ಹಿಂಗಾತು. ನಾ ಮುಟ್ಟಬಾರದಾಗಿತ್ರಿ. ನನಗ ಈ ನೌಕರಿ ಹಣ್ಯಾಗ ಬರದಿಲ್ಲ ಬಿಡ್ರಿ.”

ನನಗೆ ಕೂಡಲೇ ತಿಳಿಯಿತು. ಅವರು ತಾರೀಖು ಬದಲಿಸಿದ್ದರು. ನಾನು ಹೇಳಿ ಬರೆಸಿದ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಬಳಸುತ್ತಿದ್ದರು. ಅದಕ್ಕಿಂತ ಹೆಚ್ಚು ಅಸಹ್ಯವಾದದ್ದೆಂದರೆ, ಆ ಹುಡುಗಿ ತನ್ನ ಕೈಯನ್ನು ತಾನೇ ಶಪಿಸಿಕೊಳ್ಳುವುದನ್ನು ಪಕ್ಕದ ಕುರ್ಚಿಯಲ್ಲಿ ಕೂತು ಲವಂಗ ಅಗಿಯುತ್ತ ತಿಂಗಳಾನುಗಟ್ಟಲೆ ನೋಡಿದ್ದರು. ನಿನ್ನೆಯಿಂದ ನಾನೂ ಅವರ ಪಕ್ಕದಲ್ಲೇ ಕೂತಂತಾಗಿತ್ತು.

“ಸುಮಂಗಲಾ, ಕೇಳಿಲ್ಲಿ,” ಎಂದೆ. “ನೀ ಏನೂ ಕೆಡಿಸಿಲ್ಲ. ಎಂದೂ ಕೆಡಿಸಿಲ್ಲ. ನಿನ್ನಿ ವೈರಸ್ ಅಂತ ನಾ ಸುಳ್ಳ ಹೇಳೀನಿ. ಅದನ್ನ ನಿಮ್ಮ ಮಾವಾರು ಮಾಡಿದ್ರು. ಇವತ್ತಿಂದೂ ಅವರ ಮಾಡ್ಯಾರ. ಹೆಂಗ ಮಾಡೂದು ಅಂತ ಕಲಿಸಿದಾಕಿ ನಾನ.”

ಆ ಕಡೆ ಅಳು ನಿಂತಿತು. ಮಗು ಏನೋ ಬಡಿಯುತ್ತಿದ್ದ ಸದ್ದು ಮಾತ್ರ ಬರುತ್ತಿತ್ತು.

“ಹ್ವಾದ ಸಲ ತಾರೀಖ ತಪ್ಪಿದ್ದೂ?” ಎಂದಳು.

“ಹಂಗ ಇರಬೇಕು.”

“ಅವತ್ತ ನಾ ಅತ್ತಿದ್ದೆ ಅಕ್ಕಾರ. ಅವರ ನನಗ ನೀರ ತಂದು ಕೊಟ್ಟಿದ್ರು.”

ನಾನೇ ಬರುತ್ತೇನೆ ಎಂದೆ.

“ಬ್ಯಾಡ್ರಿ. ಮಾವಾರು ಕೆರಿ ಕಡೆ ಅಡ್ಯಾಡಾಕ ಹೋಗ್ಯಾರ. ಹೆಂಗ ಸರಿ ಮಾಡೂದು ಹೇಳ್ರಿ, ನಾನ ಮಾಡ್ತೀನಿ. ಫೋನ್ ಮಾತ್ರ ಇಡಬ್ಯಾಡ್ರಿ.”

ಹೇಳಿದೆ. ಪರದೆಯ ಬಲಮೂಲೆ, ಗಡಿಯಾರ, ತಾರೀಖಿನ ಹೊಂದಿಕೆ. ಯಂತ್ರ ಒಂಬತ್ತು ವರ್ಷ ಹಿಂದಿನ ದಿನ ತೋರಿಸುತ್ತಿತ್ತಂತೆ. ಸರಿ ಮಾಡಿದಳು. ತಾಣ ತೆರೆಯಿತು. ಫೋಟೊ, ಸಹಿ ಎಲ್ಲ ಹಿಂದಿನ ಸಲದ ಅರ್ಜಿಗೆಂದು ಮೊದಲೇ ಅದರೊಳಗೆ ಹಾಕಿಟ್ಟಿದ್ದಳು. ಅಂಕಪಟ್ಟಿಗಳು ಸರ್ ಅವರ ಕಪಾಟಿನಲ್ಲಿದ್ದವು, ಆದರೆ ಅವುಗಳ ನೋಂದಣಿ ಸಂಖ್ಯೆಗಳೆಲ್ಲ ಅವಳಿಗೆ ಬಾಯಿಪಾಠ. ಒಂದೊಂದು ಖಾನೆಯನ್ನೂ ಗಟ್ಟಿಯಾಗಿ ಓದಿ, ತುಂಬಿ, ಮುಂದಕ್ಕೆ ಹೋಗುತ್ತಿದ್ದಳು. ನಾನು ಕ್ಲಾಸಿನ ಹುಡುಗರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದೆ.

ಮುಕ್ಕಾಲು ಭಾಗ ಆಗಿತ್ತು. ಗೇಟಿನ ಸದ್ದು ಕೇಳಿಸಿತು. ಆಮೇಲೆ ಅವರ ದನಿ.

“ಏನ ನಡಸೀವಾ?”

“ಅರ್ಜಿ ತುಂಬಾಕತ್ತೇನ್ರಿ ಮಾವಾರ.”

“ಸೈಟ್ ತೆರೀತೇನು?”

“ತೆರೀತ್ರಿ. ತಾರೀಖ ತಪ್ಪಿತ್ತು. ಸರಿ ಮಾಡೀನಿ.”

“ಛಲೋ ಆತ ಬಿಡವಾ,” ಎಂದರು. ಚಪ್ಪಲಿ ಬಿಟ್ಟ ಸದ್ದು, ಒಳಕೋಣೆಯ ಬಾಗಿಲಿನ ಸದ್ದು. ಸುಮಂಗಲಾ ಮುಂದಿನ ಖಾನೆ ಓದತೊಡಗಿದಳು, ನಡುವೆ ನಿಲ್ಲಿಸಿದಳು.

“ಅಕ್ಕಾರ, ಚಕ್ರ ತಿರುಗಾಕತ್ತೈತಿ. ಮುಂದ ಹೋಗವಲ್ತು.”

ವೈಫೈ ಡಬ್ಬಿ ಅವರ ಕೋಣೆಯಲ್ಲಿತ್ತು. ಅವಳಿಗೂ ತಿಳಿಯಿತು, ನಾನು ಹೇಳಬೇಕಾಗಲಿಲ್ಲ. ಫೋನು ಕೈಯಲ್ಲಿದ್ದಂತೆಯೇ ಎದ್ದು ನಡೆದಳು. ಅವಳ ಬಳೆಯ ಸದ್ದು ಕೇಳಿಸುತ್ತಿತ್ತು, ಉಸಿರು ಕೇಳಿಸುತ್ತಿತ್ತು.

“ಮಾವಾರ, ಅದನ್ನ ಹಚ್ರಿ.”

“ಏನವಾ? ಕರೆಂಟ್ ಹ್ವಾದಂಗ ಕಾಣತೈತಲ್ಲಾ.”

“ಕರೆಂಟ್ ಐತ್ರಿ. ನಿಮ್ಮ ತಲಿಮ್ಯಾಲ ಫ್ಯಾನ್ ತಿರುಗಾಕತ್ತೈತಿ.” ಅವಳು ಇನ್ನೂ ಹತ್ತಿರ ಹೋದ ಹೆಜ್ಜೆಯ ಸದ್ದಾಯಿತು. “ನಾ ನೌಕರಿ ಮಾಡೂದು ನಿಮಗ ಬ್ಯಾಡಾಗಿದ್ರ ಬಾಯಿ ಬಿಟ್ಟು ಬ್ಯಾಡ ಅನ್ರಿ. ನನ್ನ ಮಾರಿ ನೋಡಿ ಅನ್ರಿ. ನಿಮ್ಮ ಮಗನ ಮುಂದೂ ಅನ್ರಿ. ಕೇಳ್ಕೋತೀನಿ. ಅರ್ಜಿ ಅಂತೂ ಹಾಕ್ತೀನಿ.”

ಧಾರವಾಡದಲ್ಲಿ ಬಾಗಿಲು ಹಾಕಿದ ಕೋಣೆಯಲ್ಲಿ ನಾನು ಎದ್ದು ನಿಂತಿದ್ದೆ. ಈಗಾದರೂ ಹೇಳಲಿ, ಒಂದು ಸಲ ಬೈಯಲಿ, ಕೂಗಾಡಲಿ ಎಂದು ನನಗೆ ಅನಿಸುತ್ತಿತ್ತು. ಬೈದಿದ್ದರೆ ಅವರ ಮೇಲೆ ನನಗೆ ಎಳ್ಳಷ್ಟು ಗೌರವ ಉಳಿಯುತ್ತಿತ್ತೇನೋ.

“ಯಾರು ಬ್ಯಾಡಂದ್ರವಾ?” ಎಂದರು ಸರ್. “ಪ್ಲಗ್ ಸಡಲಾಗಿರಬೇಕು. ನೋಡೂಣು ತಡಿ.”

ಟಕ್ ಎಂದು ಬಟನ್ ಬಿದ್ದದ್ದು ನನಗೆ ಫೋನಿನಲ್ಲಿ ಕೇಳಿಸಿತು.

ಹನ್ನೆರಡಕ್ಕೆ ಅರ್ಜಿ ಹೋಯಿತು. ಆ ವರ್ಷ ಅವಳಿಗೆ ನೌಕರಿ ಸಿಗಲಿಲ್ಲ, ಸ್ವಲ್ಪದರಲ್ಲೇ ತಪ್ಪಿತು. ಮುಂದಿನ ಸಲ ಸಿಕ್ಕಿತು. ಗರಗದ ಆಚೆಗಿನ ಒಂದು ಹಳ್ಳಿಯ ಶಾಲೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ಆ ದಿನದ ನಂತರ ಮನೆಯ ಕಂಪ್ಯೂಟರ್ ಮತ್ತೆ ಕೆಡಲಿಲ್ಲವಂತೆ. ಗಂಡನಿಗೆ ಎಲ್ಲ ಹೇಳಿದಳು. ಅವನು ಅಪ್ಪನನ್ನು ಏನೂ ಕೇಳಲಿಲ್ಲ, ಆದರೆ ಅವಳಿಗೊಂದು ಫೋನು ತಂದುಕೊಟ್ಟ.

ಇಲ್ಲಿಗೆ ಮುಗಿದಿದ್ದರೆ ನನ್ನ ಹೇಸಿಕೆಯೂ ಇಳಿದುಹೋಗುತ್ತಿತ್ತು. ಆದರೆ ಅವಳಿಗೆ ನೌಕರಿ ಸಿಕ್ಕ ಮರುವರ್ಷ ಊರಿನ ಕೆಲವರು ಸೇರಿ ಹಿರಿಯ ಶಿಕ್ಷಕರಿಗೆ ಸನ್ಮಾನ ಇಟ್ಟುಕೊಂಡರು. ಸರ್ ಅವರಿಗೆ ಶಾಲು ಹೊದಿಸಿದರು. ಅವರು ಮೈಕಿನ ಮುಂದೆ ನಿಂತು, ಹೆಣ್ಣುಮಕ್ಕಳು ಕಲಿಯಬೇಕು ಎಂದು ಬಹಳ ಸೊಗಸಾಗಿ ಮಾತಾಡಿದರು. “ನಮ್ಮ ಸೊಸಿ ಇವತ್ತ ಶಿಕ್ಷಕಿ ಆಗ್ಯಾಳ. ಆಕಿ ಅರ್ಜಿ ಸಲುವಾಗಿ ಈ ವಯಸ್ಸಿನ್ಯಾಗ ನಾ ಕಂಪ್ಯೂಟರ್ ಕಲತೀನಿ,” ಎಂದರು. ಸಭೆ ಎದ್ದು ನಿಂತಿತು. ಸುಮಂಗಲಾ ನನ್ನ ಪಕ್ಕದಲ್ಲೇ ಇದ್ದಳು. ತಲೆ ತಗ್ಗಿಸಿ ಮಗನ ಅಂಗಿಯ ಗುಂಡಿ ಬಿಚ್ಚುತ್ತ, ಹಾಕುತ್ತ ಕೂತಿದ್ದಳು. ರೂಢಿಯಿಂದ ನನ್ನ ಕೈ ಎರಡು ಸಲ ಚಪ್ಪಾಳೆ ತಟ್ಟಿತು. ಆಮೇಲೆ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡೆ.

ಅವರಿಗೆ ಲಕ್ವ ಹೊಡೆದದ್ದು ಅದಾದ ಮೇಲೆ. ಎಂಟು ತಿಂಗಳು ಹಾಸಿಗೆಯಲ್ಲಿದ್ದರು. ನಾನು ಒಮ್ಮೆ ನೋಡಲು ಹೋದೆ. ಕೋಣೆಯಲ್ಲಿ ಔಷಧಿಯ, ಮೂತ್ರದ ವಾಸನೆ. ನನ್ನನ್ನು ಕಂಡು ಬಾಯಿಯ ಒಂದು ಬದಿಯಿಂದ ನಕ್ಕರು. ಕರುಣೆ ಬರಲೆಂದು ಕಾದು ನಿಂತೆ, ಬರಲಿಲ್ಲ. ಬಿಳಿ ಅಂಗಿ ಆಗಲೂ ಸ್ವಚ್ಛವಾಗಿತ್ತು, ಸುಮಂಗಲಾ ಒಗೆದು ಹಾಕಿದ್ದಳು. ಶಾಲೆಗೆ ಹೋಗುವ ಮೊದಲು, ಬಂದ ಮೇಲೆ, ಅವರ ಕೆಲಸವೆಲ್ಲ ಅವಳದೇ ಆಗಿತ್ತು. ಅಲ್ಲಿ ನೀರು ಕೂಡ ಕುಡಿಯದೆ ಬಂದುಬಿಟ್ಟೆ.

ಈಗ ಹಳೆಯ ವಿದ್ಯಾರ್ಥಿಗಳು ನೆನಪಿನ ಪುಸ್ತಕ ತರುತ್ತಿದ್ದಾರೆ. ಅವರ ಪ್ರೀತಿಯ ಶಿಷ್ಯೆಯೆಂದು ನನ್ನನ್ನೂ ಬರೆಯಲು ಕೇಳಿದರು. ಸುಮಂಗಲಾಳನ್ನು ಕೇಳದೆ ಬರೆಯುವುದು ಸರಿಯಲ್ಲವೆಂದು ಕಳೆದ ಭಾನುವಾರ ಉಣಕಲ್ಲಿಗೆ ಹೋದೆ. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಬರೆದರೆ ಇದ್ದದ್ದನ್ನೇ ಬರೆಯಬೇಕಾಗುತ್ತದೆ, ಬಿಟ್ಟುಬಿಡಲೇ ಎಂದು ಕೇಳಿದೆ. ಕೆಂಪು ಪೆನ್ನನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಯೋಚಿಸಿದಳು.

“ಬರೀರಿ ಅಕ್ಕಾರ. ಎಂಟ ತಿಂಗಳ ಉಣಿಸೀನಿ, ಒರಸೀನಿ, ಮಗ್ಗಲಾ ಹೊಳ್ಳಿಸೀನಿ. ಅದನ್ನೂ ಬರೀರಿ, ಖರೇನ ಐತಿ. ಆದ್ರ ಸೊಸಿ ಎಲ್ಲಾ ಮರತು ಕ್ಷಮಾ ಮಾಡಿದ್ಲು ಅಂತ ಕಡೀಕ ಒಂದ ಸಾಲ ಹಚ್ಚಬ್ಯಾಡ್ರಿ. ನಾ ಮಾಡಿಲ್ಲ.”

ಅಷ್ಟು ಹೇಳಿ ಮುಂದಿನ ಹುಡುಗನ ಉತ್ತರಪತ್ರಿಕೆ ಎಳೆದುಕೊಂಡಳು.